ಮಾಲ್‌ನ ಇಲ್ಯೂಷನ್ ಮ್ಯೂಸಿಯಂ: ಫೋನ್ ಬ್ಯಾಗಲ್ಲಿಟ್ರೆ ಮಾತ್ರ ದುಡ್ಡು ವಸೂಲು

ಮೊದಲೇ ಹೇಳ್ಬಿಡ್ತೀನಿ, ಜಾಗ ಪರವಾಗಿಲ್ಲ, ಹೋಗಬಹುದು. ಆದ್ರೆ ಒಳಗೆ ಇಟ್ಟಿರೋದ್ರಲ್ಲಿ ಅರ್ಧಕ್ಕರ್ಧ ನಿಮ್ಮ ಕಣ್ಣಿಗೆ ಅಂತ ಮಾಡಿದ್ದಲ್ಲ, ನಿಮ್ಮ ಫೋನಿಗೆ ಅಂತ ಮಾಡಿದ್ದು. ಇನ್ನರ್ಧ ನಿಜವಾಗ್ಲೂ ಕಣ್ಣಿಗೂ ತಲೆಗೂ ಕೆಲಸ ಕೊಡೋ ಐಟಂಗಳು, ಅವುಗಳ ಮುಂದೆ ಒಂದು ನಿಮಿಷ ಯಾರೂ ನಿಂತ್ಕೊಳ್ಳಲ್ಲ, ಯಾಕಂದ್ರೆ ಅಲ್ಲಿ ರೀಲ್ಸ್ ಚೆನ್ನಾಗಿ ಬರಲ್ಲ. ಈ ರಿವ್ಯೂನ ಆ ಎರಡನೇ ಅರ್ಧದ ಪರವಾಗಿ ಹಾಕಿರೋ ವಕಾಲತ್ತು ಅಂದ್ಕೊಳ್ಳಿ.

ಹೆಸರು ಹಾಕ್ತಿಲ್ಲ, ಕಂಪ್ಲೇಂಟ್ ಸುಮಾರಿದೆ, ಸುಮ್ನೆ ಯಾಕೆ ಜಗಳ. ಬೆಂಗಳೂರಿನ ಒಂದು ಮಾಲು, ಮೇಲಿನ ಫ್ಲೋರು, ಫುಡ್ ಕೋರ್ಟ್ ಪಕ್ಕ. 2015ರಲ್ಲಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಶುರುವಾಗಿ ಈಗ ಎಷ್ಟೋ ದೇಶಗಳಲ್ಲಿರೋ ಆ ದೊಡ್ಡ ಚೈನ್ ಇದಲ್ಲ, ಅದೇ ನಮೂನೆಯ ಲೋಕಲ್ ಜಾಗ. ತಲೆಗೆ 600 ರೂಪಾಯಿ. ಹೋಗಿದ್ದು ನಾನು, ನಮ್ಮಮ್ಮ, ಒಂಬತ್ತನೇ ಕ್ಲಾಸ್ ಓದ್ತಿರೋ ನನ್ನ ಮಗಳು.

ಒಳಗೆ ಕಾಲಿಟ್ಟ ತಕ್ಷಣ ಸಿಗೋದು ಏಮ್ಸ್ ರೂಮು. ಹೆಸರು ಗೊತ್ತಿಲ್ದಿದ್ರೂ ಫೋಟೋ ನೋಡೇ ಇರ್ತೀರ, ಒಂದು ಮೂಲೇಲಿ ನಿಂತೋರು ರಾಕ್ಷಸನಷ್ಟು ಎತ್ತರ, ಇನ್ನೊಂದು ಮೂಲೇಲಿ ನಿಂತೋರು ಮೊಣಕಾಲೆತ್ತರ. ಅಮೆರಿಕದ ಅಡೆಲ್ಬರ್ಟ್ ಏಮ್ಸ್ ಅನ್ನೋರ ಐಡಿಯಾ ಇದು, 1940ರ ದಶಕದಿಂದ ಫೇಮಸ್. ರೂಮು ನೋಡೋಕೆ ಚೌಕ, ನಿಜಕ್ಕೂ ಸೊಟ್ಟ. ಒಂದು ಮೂಲೆ ನಮ್ಮಿಂದ ಹೆಚ್ಚು ಕಮ್ಮಿ ಎರಡರಷ್ಟು ದೂರ ಇರುತ್ತೆ, ನೆಲ ಆ ಕಡೆ ಇಳಿಜಾರು, ಸೂರು ಆ ಕಡೆ ಏರು, ಕಿಟಕಿಗಳನ್ನೂ ಅದಕ್ಕೆ ತಕ್ಕ ಹಾಗೆ ಸೊಟ್ಟಗೇ ಕೊರೆದಿರ್ತಾರೆ. ನಮ್ಮಮ್ಮ ಐದಡಿ ಕೂಡ ಇಲ್ಲ, ಅವರನ್ನ ಹತ್ತಿರದ ಮೂಲೇಲಿ ನಿಲ್ಲಿಸಿ ಮೊಮ್ಮಗಳನ್ನ ಆ ತುದಿಗೆ ಕಳಿಸಿದ್ರೆ ಅಮ್ಮನ ತಲೆ ಸೂರಿಗೆ ತಾಗೋ ಹಾಗಿತ್ತು. "ಅಜ್ಜೀ, ನೀವು ನನ್ನನ್ನ ಜೇಬಲ್ಲಿ ಹಾಕ್ಕೊಂಡು ಹೋಗ್ಬಹುದು" ಅಂತ ಇವಳು ಆ ಮೂಲೆಯಿಂದ ಕೂಗ್ತಿದ್ಳು.

ಮಜಾ ಏನಪ್ಪಾ ಅಂದ್ರೆ, ಮನುಷ್ಯರು ನಿಂತಲ್ಲೇ ದಪ್ಪ ಸಣ್ಣ ಆಗಲ್ಲ ಅಂತ ನಮ್ಮ ಮೆದುಳಿಗೆ ಚೆನ್ನಾಗಿ ಗೊತ್ತು. ರೂಮುಗಳು ಚೌಕಾಗಿರ್ತವೆ ಅಂತಾನೂ ಗೊತ್ತು. ಎರಡರಲ್ಲಿ ಒಂದನ್ನ ಬಿಟ್ಟುಕೊಡ್ಬೇಕು ಅಂತ ಬಂದಾಗ ಅದು ರೂಮನ್ನ ನಂಬಿ, ಹೆತ್ತ ತಾಯಿಯನ್ನೇ ದೈತ್ಯಳನ್ನಾಗಿ ಮಾಡೋಕೆ ರೆಡಿ!

ಇದು ಪೂರ್ತಿ ಕೆಲಸ ಮಾಡ್ಬೇಕಂದ್ರೆ ಒಂದೇ ಕಣ್ಣಲ್ಲಿ, ಒಂದೇ ಜಾಗದಿಂದ ನೋಡ್ಬೇಕು. ಎರಡು ಕಣ್ಣು ಆರೇಳು ಸೆಂಟಿಮೀಟರ್ ಅಂತರದಲ್ಲಿರೋದ್ರಿಂದ ಎರಡಕ್ಕೂ ಸ್ವಲ್ಪ ಬೇರೆ ಬೇರೆ ಚಿತ್ರ ಬೀಳುತ್ತೆ, ಆ ವ್ಯತ್ಯಾಸ ಇಟ್ಕೊಂಡು ಮೆದುಳು ದೂರ ಅಳೆಯುತ್ತೆ, ಅಳೆದ್ರೆ ಗುಟ್ಟು ರಟ್ಟು. ಅದಕ್ಕೇ ಏಮ್ಸ್ ರೂಮಿಗೆ ಇಣುಕು ಕಿಂಡಿ ಇಡ್ತಾರೆ. ಇಲ್ಲಿ ಕಿಂಡಿಯೇ ಇಲ್ಲ! ನೆಲದ ಮೇಲೆ ಪಾದದ ಸ್ಟಿಕ್ಕರ್ ಅಂಟಿಸಿದಾರೆ, ಅಲ್ಲೊಬ್ಬ ಹುಡುಗ ನಿಂತ್ಕೊಂಡು "ಮೇಡಂ ಮೊಬೈಲ್ ಕೊಡಿ, ಇಲ್ಲಿಂದ ತೆಗಿಬೇಕು" ಅಂತಾನೆ, ಕ್ಲಿಕ್ ಮಾಡಿ ವಾಪಸ್ ಕೊಡ್ತಾನೆ, ನೆಕ್ಸ್ಟ್. ಫೋನು ಫೋಟೋ ತೆಗೆಯೋದು ಒಂದೇ ಜಾಗದಿಂದ, ಒಂದು ಲೆನ್ಸಲ್ಲಿ, ಅಂದ್ರೆ ಅದು ಒಕ್ಕಣ್ಣ, ಹಾಗಾಗಿ ಫೋಟೋ ಸೂಪರ್, ಎದುರಿಗೆ ನಿಂತು ನೋಡಿದೋರಿಗೆ "ಓಹ್ ಇಷ್ಟೇನಾ" ಅನ್ಸುತ್ತೆ. ನೀವು ಹೋದ್ರೆ ಆ ಸ್ಟಿಕ್ಕರ್ ಮೇಲೆ ನಿಂತು, ಸ್ವಲ್ಪ ಬಗ್ಗಿ ಫೋನ್ ಹಿಡಿಯೋ ಎತ್ತರಕ್ಕೆ ಬಂದು, ಒಂದು ಕಣ್ಣು ಗಟ್ಟಿಯಾಗಿ ಮುಚ್ಕೊಳ್ಳಿ, ಅವಾಗ ಗೊತ್ತಾಗುತ್ತೆ 600 ರೂಪಾಯಿ ಯಾಕೆ ಅಂತ.

ನೆಲದ ಮೇಲೆ ಬಿಡಿಸಿರೋ ಪ್ರಪಾತ, ಗೋಡೆಯಿಂದ ಹೊರಗೆ ಬರೋ ಶಾರ್ಕು, ಇವೆಲ್ಲ ಅದೇ ಒಕ್ಕಣ್ಣಿನ ಕೇಸು. ಬೇಗ ದಾಟಿ ಹೋಗಿ. ಆಮೇಲೆ ಉಲ್ಟಾ ರೂಮು ಅಂತ ಒಂದಿದೆ, ಡೈನಿಂಗ್ ಟೇಬಲ್ಲು ಕುರ್ಚಿ ಎಲ್ಲ ಸೂರಿಗೆ ಅಂಟಿಸಿದಾರೆ, ಫೋಟೋ ತೆಗೆದು ತಿರುಗಿಸ್ಕೋಬೇಕು, ಅದ್ರಲ್ಲಿ ಭ್ರಮೆ ಗಿಮೆ ಏನೂ ಇಲ್ಲ. ಆದ್ರೆ ಅಲ್ಲಿ ಹಾಕಿರೋ ಬೋರ್ಡು ನೋಡಿ ತಲೆ ಕೆಟ್ಟೋಯ್ತು: "ಕಣ್ಣಲ್ಲಿ ಚಿತ್ರ ತಲೆಕೆಳಗಾಗಿ ಬೀಳುತ್ತೆ, ಮೆದುಳು ಅದನ್ನ ತಿರುಗಿಸಿ ನೇರ ಮಾಡುತ್ತೆ." ಮೊದಲರ್ಧ ಸರಿ. ಹಂಪಿ ವಿರೂಪಾಕ್ಷ ದೇವಸ್ಥಾನದ ಒಳಗೆ ಒಂದು ಕಿಂಡಿಯಿಂದ ಬೆಳಕು ಬಂದು ರಾಜಗೋಪುರದ ನೆರಳು ಗೋಡೆ ಮೇಲೆ ತಲೆಕೆಳಗಾಗಿ ಬೀಳುತ್ತಲ್ಲ, ಸ್ಕೂಲ್ ಟ್ರಿಪ್ಪಲ್ಲಿ ಎಲ್ರೂ ನೋಡಿರ್ತೀವಿ, ಕಣ್ಣಿನ ಹಿಂದಿನ ಪರದೆ ಮೇಲೂ ಹಾಗೇ ಬೀಳೋದು. ಎರಡನೇ ಅರ್ಧ ತಪ್ಪು, ಯಾಕಂದ್ರೆ ಮೆದುಳೊಳಗೆ ಇನ್ನೊಬ್ಬ ಕೂತ್ಕೊಂಡು ಸ್ಕ್ರೀನ್ ನೋಡ್ತಿಲ್ಲ, ಅವನಿಗೋಸ್ಕರ ನೇರ ಮಾಡೋಕೆ. ಯಾವ ಸಿಗ್ನಲ್ ಬಂದ್ರೆ ವಸ್ತು ಮೇಲಿದೆ, ಕೈ ಎಲ್ಲಿಗೆ ಚಾಚಬೇಕು, ಅನ್ನೋ ಲೆಕ್ಕ ಅಷ್ಟೇ ಅದಕ್ಕೆ ಬೇಕಿರೋದು. ಜಾರ್ಜ್ ಸ್ಟ್ರಾಟನ್ ಅಂತ ಅಮೆರಿಕದ ಮನಃಶಾಸ್ತ್ರಜ್ಞ 1890ರ ದಶಕದಲ್ಲಿ ಜಗತ್ತನ್ನ ತಲೆಕೆಳಗು ಮಾಡೋ ಲೆನ್ಸನ್ನ ಒಂದು ವಾರದ ಮೇಲೆ ಕಟ್ಕೊಂಡು ಓಡಾಡಿದಾನೆ, ಶುರುವಲ್ಲಿ ತಡವರಿಸಿ ಒದ್ದಾಡಿದೋನು ಕೊನೆಕೊನೆಗೆ ಆರಾಮಾಗಿ ಕೆಲಸ ಮಾಡ್ಕೊಳ್ತಿದ್ದ. ಆ ರೂಮಲ್ಲಿ ಇದನ್ನ ಎರಡು ಸಾಲಲ್ಲಿ ಬರೆದಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಈಗ ನಾನು ನಿಂತ ಜಾಗಕ್ಕೆ ಬರ್ತೀನಿ. ಮೂಲೇಲಿ, ಫೈರ್ ಎಕ್ಸಿಟ್ ಪಕ್ಕ, ಒಂದು ಗಾಜಿನ ಪೆಟ್ಟಿಗೆ, ಒಳಗೆ ಮುಖವಾಡದ ಹಿಂಭಾಗ. ಅಂದ್ರೆ ಮೂಗು ನಮ್ಮ ಕಡೆ ಇಲ್ಲ, ಆ ಕಡೆ ತಗ್ಗಾಗಿದೆ. ನಾಲ್ಕೈದು ಹೆಜ್ಜೆ ದೂರ ನಿಂತು ನೋಡಿದ್ರೆ ಸರಿಯಾದ ಉಬ್ಬು ಮುಖ. ನೀವು ಎಡಕ್ಕೆ ಹೋದ್ರೆ ಅದೂ ಎಡಕ್ಕೆ ತಿರುಗುತ್ತೆ, ಬಲಕ್ಕೆ ಹೋದ್ರೆ ಬಲಕ್ಕೆ. ಮೋಟಾರ್ ಇದ್ಯಾ ಅಂತ ಮಗಳು ಪೆಟ್ಟಿಗೆ ಹಿಂದೆ ಹೋಗಿ ಕೆಳಗೆಲ್ಲ ಹುಡುಕಿದ್ಳು, ಏನೂ ಇಲ್ಲ. ತೀರ ಹತ್ತಿರ ಹೋದ್ರೆ ಮಾತ್ರ ಟಪ್ ಅಂತ ತಗ್ಗು ಕಾಣುತ್ತೆ, ಎರಡು ಹೆಜ್ಜೆ ಹಿಂದೆ ಬಂದ್ರೆ ಮತ್ತೆ ಉಬ್ಬು. ತಗ್ಗು ಅಂತ ಈಗಷ್ಟೇ ಕಣ್ಣಾರೆ ನೋಡಿ ಬಂದಿರ್ತೀವಿ, ಆದ್ರೂ!

ಕಾರಣ ಸಿಂಪಲ್. ಹುಟ್ಟಿದಾಗಿಂದ ನೋಡಿರೋ ಲಕ್ಷಾಂತರ ಮುಖಗಳಲ್ಲಿ ಒಂದೂ ಒಳಕ್ಕೆ ತಗ್ಗಿರಲಿಲ್ಲ, ಹಾಗಾಗಿ ಮೆದುಳು "ಇದು ಮುಖ, ಮುಖ ಅಂದ್ರೆ ಉಬ್ಬು" ಅಂತ ತೀರ್ಪು ಕೊಟ್ಟು ಕಣ್ಣಿಂದ ಬರ್ತಿರೋ ದೂರದ ಲೆಕ್ಕಾನೇ ತಳ್ಳಿ ಹಾಕುತ್ತೆ. ತಗ್ಗನ್ನ ಉಬ್ಬು ಅಂತ ಒಪ್ಪಿದ ಮೇಲೆ, ನಾವು ಓಡಾಡುವಾಗ ಮೂಗು ಕೆನ್ನೆ ಸರಿಯೋ ದಿಕ್ಕು ಲೆಕ್ಕಕ್ಕೆ ತಾಳೆ ಆಗಲ್ಲ, ಆಗ "ಓ ಮುಖಾನೇ ತಿರುಗ್ತಿರಬೇಕು" ಅಂತ ಇನ್ನೊಂದು ಕಥೆ ಕಟ್ಟುತ್ತೆ. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಸುಳ್ಳು. ಬ್ರಿಟನ್ನಿನ ಮನಃಶಾಸ್ತ್ರಜ್ಞ ರಿಚರ್ಡ್ ಗ್ರೆಗರಿ ಇದನ್ನ ಚಾರ್ಲಿ ಚಾಪ್ಲಿನ್ ಮುಖವಾಡ ತಿರುಗಿಸಿ ತೋರಿಸ್ತಿದ್ರು. ಇನ್ನೂ ಕುತೂಹಲದ ವಿಷಯ ಅಂದ್ರೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರೋರಿಗೆ ಈ ಮುಖ ಎಷ್ಟೋ ಸಲ ತಗ್ಗಾಗೇ ಕಾಣುತ್ತೆ ಅಂತ 2009ರ ಒಂದು ಅಧ್ಯಯನದಲ್ಲಿ ಕಂಡುಬಂತು. ಅಂದ್ರೆ ಇಲ್ಲಿ ಮೋಸ ಹೋಗೋದೇ ಮೆದುಳು ಮಾಮೂಲಾಗಿ ಕೆಲಸ ಮಾಡ್ತಿದೆ ಅನ್ನೋದರ ಲಕ್ಷಣ. ನಾವು ಅಲ್ಲಿದ್ದಷ್ಟು ಹೊತ್ತು ಆ ಪೆಟ್ಟಿಗೆ ಹತ್ರ ಇನ್ಯಾರೂ ಬರ್ಲಿಲ್ಲ, ಒಬ್ಬರು ಮಾತ್ರ ಬಂದು ವಾಷ್‌ರೂಮ್ ಎಲ್ಲಿ ಅಂತ ಕೇಳಿದ್ರು.

ಈ ಇಡೀ ವಿಷಯದ ಮೂಲ ತತ್ವವನ್ನ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲೇ ಹೇಳಿಬಿಟ್ಟಿದ್ದ: ನೋಡೋದು ಅಂದ್ರೆ ಊಹೆ ಮಾಡೋದು, ಅದೂ ನಮಗೇ ಗೊತ್ತಾಗದ ಹಾಗೆ. ಬಿಎಂಟಿಸಿ ಹಳೇ ಕಂಡಕ್ಟರ್ ರಶ್ ಬಸ್ಸಲ್ಲಿ ಎಲ್ಲರ ಮುಖ ಪೂರ್ತಿ ನೋಡದೇನೇ ಯಾರು ಟಿಕೆಟ್ ತಗೊಂಡಿಲ್ಲ ಅಂತ ಹೇಳ್ತಾನಲ್ಲ, ಮೆದುಳೂ ಹಂಗೇ, ಸಿಕ್ಕಿದ ಚೂರುಪಾರು ಮಾಹಿತಿ ಮೇಲೆ ಅನುಭವ ಸೇರಿಸಿ ಫಟ್ ಅಂತ ಹೇಳಿಬಿಡುತ್ತೆ, ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಇರುತ್ತೆ. ಸಿಗೋ ಮಾಹಿತಿ ಎಷ್ಟು ಕಮ್ಮಿ ಅಂದ್ರೆ, ಕೈ ಚಾಚಿ ಹೆಬ್ಬೆರಳು ನೋಡಿ, ಆ ಉಗುರಿನಷ್ಟು ಜಾಗ ಮಾತ್ರ ನಿಜವಾಗ್ಲೂ ಸ್ಪಷ್ಟ, ಸುತ್ತ ಎಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿದು ಜಿಗಿದು ಅಲ್ಲಲ್ಲಿ ತುಣುಕು ತರುತ್ತೆ, ಜಿಗಿಯೋ ಹೊತ್ತಲ್ಲಿ ಕಾಣೋದನ್ನ ಮೆದುಳು ಕಟ್ ಮಾಡುತ್ತೆ. ನಂಬಿಕೆ ಇಲ್ಲಾಂದ್ರೆ ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ, ನಿಮ್ಮ ಕಣ್ಣು ಸರಿಯೋದು ನಿಮಗೆ ಯಾವತ್ತೂ ಕಾಣಲ್ಲ, ಪಕ್ಕದಲ್ಲಿರೋರಿಗೆ ಕಾಣುತ್ತೆ.

ಇನ್ನೊಂದು, ಇದಕ್ಕೆ ಟಿಕೆಟ್ಟೂ ಬೇಡ. ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳು ಜೋಡಿಸಿ ನಿಲ್ಲಿಸಿ, ಎಡಗಣ್ಣು ಮುಚ್ಚಿ, ಬಲಗಣ್ಣಲ್ಲಿ ಎಡ ಹೆಬ್ಬೆರಳನ್ನೇ ನೋಡ್ತಾ ಬಲ ಹೆಬ್ಬೆರಳನ್ನ ನಿಧಾನಕ್ಕೆ ಬಲಕ್ಕೆ ಸರಿಸಿ. ಒಂದು ಗೇಣಿಗಿಂತ ಸ್ವಲ್ಪ ಒಳಗೇ ಬೆರಳ ತುದಿ ಮಾಯ! ಕಣ್ಣಿಂದ ನರ ಹೊರಗೆ ಹೋಗೋ ಜಾಗ ಅದು, ಅಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ. ಫ್ರಾನ್ಸಿನ ಮಾರಿಯೊಟ್ ಇದನ್ನ 1660ರ ದಶಕದಲ್ಲಿ ಕಂಡುಹಿಡಿದ, ಅಲ್ಲೀವರೆಗೂ ಮನುಷ್ಯರಿಗೆ ತಮ್ಮ ಕಣ್ಣಲ್ಲಿ ತೂತಿದೆ ಅಂತಾನೇ ಗೊತ್ತಿರಲಿಲ್ಲ. ಕಪ್ಪು ತೂತು ಯಾಕೆ ಕಾಣಲ್ಲ ಅಂದ್ರೆ ಸುತ್ತಲಿನ ಗೋಡೆ ಬಣ್ಣಾನೇ ಅಲ್ಲಿಗೂ ಬಳಿದುಬಿಡುತ್ತೆ ಮೆದುಳು. ಮ್ಯೂಸಿಯಂನಲ್ಲಿ ಇದಕ್ಕೊಂದು ಕಾರ್ಡ್ ಇದ್ಯಂತೆ, ಕೇಳಿದ್ರೆ "ಸ್ಟಾಕ್ ಇಲ್ಲ ಮೇಡಂ" ಅಂದ್ರು.

ಅಮ್ಮನಿಗೆ ಹಿಡಿಸಿದ್ದು ಚೆಸ್ ಬೋರ್ಡು. ಅಮೆರಿಕದ ಎಂಐಟಿ ಯೂನಿವರ್ಸಿಟಿಯ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚಿತ್ರ, ಹಸಿರು ಸಿಲಿಂಡರಿನ ನೆರಳು ಬಿದ್ದಿರೋ ಬೋರ್ಡಲ್ಲಿ ನೆರಳಿನ ಹೊರಗಿರೋ ಎ ಅನ್ನೋ ಚೌಕ ಕಪ್ಪಗೆ, ನೆರಳೊಳಗಿರೋ ಬಿ ಅನ್ನೋದು ಬೆಳ್ಳಗೆ ಕಾಣುತ್ತೆ, ನಿಜಕ್ಕೂ ಎರಡೂ ಒಂದೇ ಬೂದು. ಅಮ್ಮ ಒಪ್ಪಲೇ ಇಲ್ಲ, "ಕಣ್ಣು ಆಪರೇಷನ್ ಆಗಿದೆ ಕಣೇ, ಕುರುಡಾಗಿಲ್ಲ" ಅಂದ್ರು. ಟಿಕೆಟ್ ಚೂರುಗಳನ್ನ ಅಡ್ಡ ಇಟ್ಟು ಸುತ್ತಮುತ್ತ ಮುಚ್ಚಿ ಆ ಎರಡು ಚೌಕ ಮಾತ್ರ ಬಿಟ್ಟೆ, ಎರಡೂ ಒಂದೇ ಆಗೋಯ್ತು, ತೆಗೆದ್ರೆ ಮತ್ತೆ ಬೇರೆ. ತಾವೇ ಚೀಟಿ ಇಟ್ಟು ತೆಗೆದು ಇಟ್ಟು ತೆಗೆದು ಮಾಡ್ತಾ ನಿಂತ್ರು. ನೆರಳಲ್ಲಿರೋ ವಸ್ತುವಿಂದ ಬೆಳಕು ಕಮ್ಮಿ ಬರುತ್ತೆ ಅಂತ ಮೆದುಳಿಗೆ ಗೊತ್ತು, ಆ ನಷ್ಟ ಕಟ್ಟಿಕೊಟ್ಟು "ಇದು ಅಸಲಿಗೆ ಬಿಳಿ ಚೌಕ" ಅನ್ನುತ್ತೆ. ಈ ಲೆಕ್ಕ ಇಲ್ದಿದ್ರೆ ಬೆಳಗ್ಗೆ ಬಿಸಿಲಲ್ಲಿ ನೋಡಿದ ಸೀರೆ ಸಂಜೆ ಟ್ಯೂಬ್‌ಲೈಟಲ್ಲಿ ಗುರುತೇ ಸಿಗ್ತಿರಲಿಲ್ಲ.

ಆಮೇಲೆ ಅಮ್ಮನೇ ನೆನಪು ಮಾಡ್ಕೊಂಡ್ರು, ಪೊರೆ ಆಪರೇಷನ್ ಒಂದು ಕಣ್ಣಿಗೆ ಆಗಿ ಇನ್ನೊಂದಕ್ಕೆ ಆಗೋ ಮಧ್ಯದ ದಿನಗಳಲ್ಲಿ ಆ ಕಣ್ಣು ಮುಚ್ಚಿ ಈ ಕಣ್ಣು ಮುಚ್ಚಿ ನೋಡ್ತಿದ್ರಂತೆ, ಒಂದ್ರಲ್ಲಿ ಗೋಡೆ ಬೆಳ್ಳಗೆ, ಇನ್ನೊಂದ್ರಲ್ಲಿ ಹಳದಿ. ವಯಸ್ಸಾದ ಲೆನ್ಸು ಹಳದಿಯಾಗಿ ನೀಲಿ ಬೆಳಕನ್ನ ತಡೆಯುತ್ತೆ, ಆದ್ರೆ ಅದು ವರ್ಷಗಟ್ಟಲೆ ನಿಧಾನಕ್ಕೆ ಆಗೋದ್ರಿಂದ ಮೆದುಳು ಅಡ್ಜಸ್ಟ್ ಮಾಡ್ಕೊಂಡು ಬಿಳಿಯನ್ನ ಬಿಳಿ ಅಂತಾನೇ ತೋರಿಸ್ತಿರುತ್ತೆ. 2015ರಲ್ಲಿ ಇಂಟರ್‌ನೆಟ್ಟಲ್ಲಿ ಒಬ್ಬರಿಗೆ ಒಂದು ಬಣ್ಣ, ಇನ್ನೊಬ್ಬರಿಗೆ ಇನ್ನೊಂದು ಬಣ್ಣ ಕಂಡು ಜಗಳ ಹಚ್ಚಿದ ಆ ಡ್ರೆಸ್ ಫೋಟೋನೂ ಇದೇ ಕಥೆ. ನಿಜವಾದ ಬಟ್ಟೆ ನೀಲಿ ಕಪ್ಪು. ಫೋಟೋದಲ್ಲಿ ಬೆಳಕು ಯಾವುದು ಅಂತ ಸುಳಿವಿಲ್ಲ, ನೆರಳು ಅಥವಾ ಹಗಲು ಬೆಳಕು ಅಂತ ಊಹಿಸಿದೋರಿಗೆ ಬಿಳಿ ಬಂಗಾರ, ಬಲ್ಬ್ ಬೆಳಕು ಅಂದ್ಕೊಂಡೋರಿಗೆ ನೀಲಿ ಕಪ್ಪು. ಬೇಗ ಮಲಗಿ ಬೇಗ ಏಳೋರಿಗೆ ಬಿಳಿ ಬಂಗಾರ ಕಾಣೋ ಸಾಧ್ಯತೆ ಜಾಸ್ತಿ ಅಂತಾನೂ ಆಮೇಲೆ ಒಂದು ಸಂಶೋಧನೆ ಹೇಳ್ತು. ನಮ್ಮನೇಲಿ ಅಮ್ಮ ಬಿಳಿ ಪಾರ್ಟಿ, ಮಗಳು ಕಪ್ಪು ಪಾರ್ಟಿ, ಅವಳು ಏಳೋ ಟೈಮ್ ನೋಡಿದ್ರೆ ಸರಿಯಾಗೇ ಇದೆ.

ಬಾಣದ ತುದಿ ಇರೋ ಎರಡು ಗೆರೆಗಳ ಬೋರ್ಡು ಕಾರಿಡಾರಲ್ಲಿದೆ, ಎರಡೂ ಒಂದೇ ಉದ್ದ, ತುದಿಯ ರೆಕ್ಕೆ ಹೊರಕ್ಕೆ ಚಾಚಿರೋದು ಉದ್ದ ಕಾಣುತ್ತೆ, ಎಲ್ಲಾ ಪುಸ್ತಕದಲ್ಲೂ ಇರುತ್ತೆ. ಜರ್ಮನಿಯ ಮ್ಯುಲ್ಲರ್-ಲೈಯರ್ 1889ರಲ್ಲಿ ಪ್ರಕಟಿಸಿದ್ದು. ಬೋರ್ಡಲ್ಲಿ ಅಷ್ಟು ಬರೆದು ಬಿಟ್ಟಿದಾರೆ, ಆದ್ರೆ ಇದರ ಅಸಲಿ ಕಥೆ ನಡೆದಿರೋದು ನಮ್ಮ ದೇಶದಲ್ಲೇ. ಬಹಳ ವರ್ಷ ಎಲ್ರೂ ಹೇಳ್ತಿದ್ದ ಒಂದು ವಿವರಣೆ ಅಂದ್ರೆ, ಮನೆಗಳ ಮೂಲೆ ನೋಡಿ ನೋಡಿ ಕಣ್ಣು ಪಳಗಿರುತ್ತೆ, ಒಳಮೂಲೆ ದೂರ, ಹೊರಮೂಲೆ ಹತ್ತಿರ, ಆ ಅಭ್ಯಾಸದಿಂದ ಹಿಂಗೆ ಕಾಣುತ್ತೆ ಅಂತ. ಎಂಐಟಿಯ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ ಹುಟ್ಟಿನಿಂದ ಪೊರೆ ಇದ್ದು ಕಣ್ಣು ಕಾಣದ ನಮ್ಮ ದೇಶದ ಮಕ್ಕಳಿಗೆ ಆಪರೇಷನ್ ಮಾಡಿಸ್ತಾರೆ. ಎಂಟರಿಂದ ಹದಿನಾರು ವರ್ಷದ ಒಂಬತ್ತು ಮಕ್ಕಳಿಗೆ ಪಟ್ಟಿ ಬಿಚ್ಚಿ ಒಂದೆರಡು ದಿನದೊಳಗೇ ಈ ಗೆರೆಗಳನ್ನ ತೋರಿಸಿದಾರೆ, 2015ರಲ್ಲಿ ಪ್ರಕಟವಾಯ್ತು. ಯಾವ ಮೂಲೆಯನ್ನೂ ಸರಿಯಾಗಿ ನೋಡೇ ಇರದ ಮಕ್ಕಳು, ಅವರಿಗೂ ಆ ಗೆರೆ ಉದ್ದಾನೇ ಕಂಡಿತು! ಅಂದ್ರೆ ಎಲ್ಲಾ ಭ್ರಮೆಯೂ ಅನುಭವದಿಂದ ಕಲಿತಿದ್ದಲ್ಲ, ಕೆಲವು ಕಣ್ಣು ಮೆದುಳಿನ ವೈರಿಂಗಲ್ಲೇ ಇವೆ. ಇದನ್ನ ಓದಿ ನಾನು ಮಗಳಿಗೆ ಆ ಬೋರ್ಡ್ ಮುಂದೇನೇ ಹೇಳ್ತಿದ್ದೆ, ಹಿಂದಿದ್ದ ಕಾಲೇಜ್ ಹುಡುಗರ ಗುಂಪೂ ನಿಂತು ಕೇಳಿಸ್ಕೊಂಡ್ರು, ಅಷ್ಟೊತ್ತು ಫೋನ್ ಕೆಳಗಿತ್ತು ಅನ್ನೋದೇ ನನ್ನ ಸಾಧನೆ.

ಈಗ ಬೈಗುಳ. ವಾಷ್‌ರೂಮ್ ಕಡೆ ಗೋಡೆಗೆ ಕಪ್ಪು ಬಿಳಿ ಇಟ್ಟಿಗೆ ಡಿಸೈನ್ ಪೇಂಟ್ ಮಾಡಿದಾರೆ, ಅದು ಕೆಫೆ ವಾಲ್ ಅನ್ನೋ ಭ್ರಮೆ, ಬ್ರಿಸ್ಟಲ್ ಊರಿನ ಒಂದು ಕೆಫೆ ಗೋಡೆಯ ಟೈಲ್ಸಲ್ಲಿ ಗ್ರೆಗರಿಯವರ ಲ್ಯಾಬಿನೋರು 1970ರ ದಶಕದಲ್ಲಿ ಗಮನಿಸಿದ್ದು. ಸಾಲುಗಳು ಸಮಾನಾಂತರ ಇದ್ರೂ ಬೆಣೆ ಆಕಾರದಲ್ಲಿ ಓರೆಯಾಗಿ ಕಾಣ್ಬೇಕು. ಅದಕ್ಕೆ ಸಾಲುಗಳ ಮಧ್ಯದ ಗಾರೆ ಗೆರೆ ತೆಳ್ಳಗೆ, ಬೂದು ಬಣ್ಣದಲ್ಲಿರಬೇಕು, ಕಪ್ಪಿಗೂ ಬಿಳಿಗೂ ನಡುವಿನದ್ದು. ಇಲ್ಲಿ ಪೇಂಟರಣ್ಣ ನೀಟಾಗಿ ಕಾಣ್ಲಿ ಅಂತ ದಪ್ಪಗೆ ಬೆಳ್ಳಗೆ ಎಳೆದುಬಿಟ್ಟಿದಾನೆ. ಸಾಲುಗಳು ನೆಟ್ಟಗೇ ಕಾಣ್ತವೆ, ಪಕ್ಕದಲ್ಲಿ "ಈ ಸಾಲುಗಳು ಓರೆ ಅನ್ಸುತ್ತಾ?" ಅಂತ ಬೋರ್ಡು, ಇಲ್ಲಪ್ಪ ಅನ್ಸಲ್ಲ. ಇನ್ನೊಂದು ಬೋರ್ಡಲ್ಲಿ ನಾವು ಮೆದುಳಿನ ಹತ್ತು ಪರ್ಸೆಂಟ್ ಮಾತ್ರ ಬಳಸ್ತೀವಿ ಅನ್ನೋ ಹಳೇ ಬುರುಡೆ. ಮತ್ತೊಂದ್ರಲ್ಲಿ ಬಿಸಿಲ್ಗುದುರೆಯನ್ನೂ ಮೆದುಳಿನ ಭ್ರಮೆ ಪಟ್ಟಿಗೆ ಸೇರಿಸಿದಾರೆ, ಬಳ್ಳಾರಿ ರೋಡಲ್ಲಿ ಮಧ್ಯಾಹ್ನ ಕಾಣೋ ನೀರು ಕ್ಯಾಮೆರಾದಲ್ಲೂ ಬರುತ್ತೆ ಸ್ವಾಮಿ, ಬಿಸಿ ಗಾಳೀಲಿ ಬೆಳಕೇ ಬಗ್ಗುತ್ತೆ ಅಲ್ಲಿ, ಅದರಲ್ಲಿ ಮೆದುಳಿನ ಪಾತ್ರ "ಅದು ನೀರು" ಅಂತ ಹೆಸರಿಡೋದು ಮಾತ್ರ. ಕನ್ನಡದಲ್ಲಿ ಬೋರ್ಡೂ ಇಲ್ಲ, ಎಲ್ಲಾ ಇಂಗ್ಲಿಷ್, ಅಮ್ಮನಿಗೆ ನಾನೇ ಒಂದೊಂದೂ ಹೇಳ್ಬೇಕಾಯ್ತು.

ಅಲ್ಲಿ ಮೊಲ ಬಾತುಕೋಳಿ ಚಿತ್ರ ದೊಡ್ಡದಾಗಿ ಹಾಕಿದಾರೆ, ಒಂದು ಕಡೆಯಿಂದ ಮೊಲ, ಇನ್ನೊಂದು ಕಡೆಯಿಂದ ಬಾತು, 1892ರಲ್ಲಿ ಜರ್ಮನಿಯ ಪತ್ರಿಕೇಲಿ ಬಂದಿದ್ದು. ಒಳ್ಳೇದೇ. ಆದ್ರೆ ಬಾದಾಮಿಯ ಮೊದಲನೇ ಗುಹೇಲಿ, ಬಾಗಿಲು ಕಾಯೋ ದ್ವಾರಪಾಲಕನ ಕೆಳಗೆ, ಒಂದೇ ತಲೆ ಹಂಚ್ಕೊಂಡಿರೋ ಆನೆ ಬಸವನ ಶಿಲ್ಪ ಇದೆ, ಎಡದಿಂದ ನೋಡಿದ್ರೆ ಆನೆ, ಬಲದಿಂದ ನೋಡಿದ್ರೆ ಎತ್ತು, ಆರನೇ ಶತಮಾನದ್ದು. ಒಂದು ಪ್ರಾಣಿಯ ದೇಹವನ್ನ ಕೈಯಲ್ಲಿ ಮುಚ್ಚಿದ್ರೆ ತಲೆ ಪೂರ್ತಿ ಇನ್ನೊಂದರದ್ದಾಗುತ್ತೆ. ಎರಡನ್ನೂ ಒಟ್ಟಿಗೆ ನೋಡೋಕೆ ಟ್ರೈ ಮಾಡಿ, ಕಷ್ಟ, ಮೆದುಳು ಒಂದು ಹೊತ್ತಿಗೆ ಒಂದೇ ಉತ್ತರ ಹಿಡ್ಕೊಳ್ಳುತ್ತೆ. ಚಾಲುಕ್ಯರ ಶಿಲ್ಪಿಗೆ ಇದು ಗೊತ್ತಿತ್ತು, ಬೆಂಗಳೂರಲ್ಲಿ ಮ್ಯೂಸಿಯಂ ತೆಗೆದೋರಿಗೆ ಅದರ ಒಂದು ಫೋಟೋ ಹಾಕ್ಬೇಕು ಅಂತ ಹೊಳೀಲಿಲ್ಲ.

ಕೊನೇಲಿ ಸುಳಿ ಟನಲ್. ನಡುವೆ ಕಬ್ಬಿಣದ ಸೇತುವೆ, ಅಲ್ಲಾಡಲ್ಲ, ಸುತ್ತ ಚುಕ್ಕಿ ಚುಕ್ಕಿ ಲೈಟಿನ ದೊಡ್ಡ ಕೊಳವೆ ತಿರುಗ್ತಿರುತ್ತೆ. ಒಳಗೆ ಕಾಲಿಟ್ರೆ ನೀವೇ ಪಕ್ಕಕ್ಕೆ ಉರುಳ್ತಿದೀರಿ ಅನ್ಸುತ್ತೆ, ಕಂಬಿ ಹಿಡಿಯದೇ ನಡೆಯೋಕಾಗಲ್ಲ. ಕಣ್ಣಿನ ಅಂಚಲ್ಲಿ ಕಾಣೋದೆಲ್ಲ ಒಟ್ಟಿಗೆ ಸರಿದ್ರೆ "ಜಗತ್ತು ತಿರುಗಲ್ಲ, ನಾನೇ ತಿರುಗ್ತಿರೋದು" ಅಂತ ಮೆದುಳು ತೀರ್ಮಾನಿಸುತ್ತೆ, ಸ್ಟೇಷನ್ನಲ್ಲಿ ಪಕ್ಕದ ಟ್ರೈನ್ ಹೊರಟಾಗ ನಮ್ಮದೇ ಹೊರಟಿತು ಅನ್ಸೋದೂ ಇದೇ. ಕಿವಿಯೊಳಗಿನ ಬ್ಯಾಲೆನ್ಸ್ ನೋಡೋ ಅಂಗ "ಇಲ್ಲ, ನಿಂತೇ ಇದೀವಿ" ಅನ್ನುತ್ತೆ, ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತೆ. ಕಣ್ಣು ಮುಚ್ಚಿದ್ರೆ ಒಂದೇ ಸೆಕೆಂಡಿಗೆ ಸೇತುವೆ ಸ್ಥಿರ. ಇದು ಇಡೀ ಜಾಗದ ಬೆಸ್ಟ್ ಐಟಂ, ಯಾಕಂದ್ರೆ ಇದರ ವಿಡಿಯೋ ನೋಡಿದೋರಿಗೆ ಏನೂ ಆಗಲ್ಲ, ಒಳಗಿದ್ದೋರಿಗೆ ಮಾತ್ರ ಆಗುತ್ತೆ. ಅಮ್ಮನನ್ನ ಕಳಿಸಲಿಲ್ಲ, ಪಕ್ಕದಲ್ಲೇ ಹೊರಹೋಗೋ ದಾರಿ ಇದೆ, ತಲೆಸುತ್ತು ಇರೋರು, ಬಿಪಿ ಇರೋರು, ಬಸುರಿಯರು ಅದನ್ನೇ ಕೇಳಿ, ಅವರಾಗೇ ಹೇಳಲ್ಲ.

ಐದಕ್ಕೆ ಮೂರು ಸ್ಟಾರ್ ಕೊಡ್ತೀನಿ. ಮುಖವಾಡದ ಪೆಟ್ಟಿಗೆಗೊಂದು, ಚೆಸ್ ಬೋರ್ಡಿಗೊಂದು, ಟನಲ್ಲಿಗೊಂದು. ವೀಕೆಂಡ್ ಬೇಡವೇ ಬೇಡ, ವಾರದ ದಿನ ಬೆಳಗ್ಗೆ ತೆಗೆದ ತಕ್ಷಣ ಹೋಗಿ. ಚಿಕ್ಕ ಮಕ್ಕಳಿದ್ದು ಬಜೆಟ್ ಯೋಚನೆ ಇದ್ರೆ ಕಸ್ತೂರ್ಬಾ ರೋಡಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮೊದಲು ಹೋಗಿ, ಮುಟ್ಟಿ ತಿರುಗಿಸಿ ನೋಡೋಕೆ ಅಲ್ಲಿ ಬೇಕಾದಷ್ಟಿದೆ, ಟಿಕೆಟ್ಟೂ ಇದಕ್ಕಿಂತ ಎಷ್ಟೋ ಅಗ್ಗ. ಇಲ್ಲಿಗೇ ಹೋಗೋದಾದ್ರೆ ಊಟ ಮುಗಿಸ್ಕೊಂಡು ಹೋಗ್ಬೇಡಿ, ಫುಡ್ ಕೋರ್ಟ್ ಪಕ್ಕದಲ್ಲೇ ಇದೆ ಅಂತ ಆಸೆ ಆಗುತ್ತೆ, ಟನಲ್ ಆದ್ಮೇಲೇ ತಿನ್ನಿ.